ತಪ್ಪಿಗೆ ಸಿಕ್ಕ ಹೆಸರು

ಇಟಲಿಯ ಮಿಲಾನ್ ನಗರದ ಪೂರ್ವಭಾಗದಲ್ಲಿ ಪ್ಲಿನಿಯೊ ಎಂಬ ಬೀದಿಯೊಂದಿದೆ. ನಗರವನ್ನು ನೋಡಲು ಬಂದವರು ಮುಗಿಬೀಳುವ ಮಹಾ ಇಗರ್ಜಿಯಾಗಲಿ, ಗಾಜಿನ ಮಾಡಿನ ಹೆಸರಾಂತ ಅಂಗಡಿಸಾಲಾಗಲಿ ಅದರ ಅಕ್ಕಪಕ್ಕದಲ್ಲಿಲ್ಲ. ಜನ ವಾಸಿಸುವ ಹಲವು ಅಂತಸ್ತಿನ ಕಟ್ಟಡಗಳು, ದಿನಬಳಕೆಯ ಅಂಗಡಿಗಳು, ಕೆಲಸ ಮುಗಿಸಿ ಮನೆಗೆ ಮರಳುವವರು. ಇಷ್ಟೇ ಅಲ್ಲಿಯ ನೋಟ. ಆ ಬೀದಿಯ 39ನೆಯ ಸಂಖ್ಯೆಯಲ್ಲಿ ‘ಬಾರ್ ಬಾಸ್ಸೊ’ ಇದೆ. 1972ರಲ್ಲಿ ಒಂದು ದಿನ ಅದರ ಮಾಲೀಕರಾದ ಮಿರ್ಕೊ ಸ್ತೊಕ್ಕೆತ್ತೊ ಗಿರಾಕಿಯೊಬ್ಬರು ಕೇಳಿದ ‘ನೆಗ್ರೋನಿ’ ಎಂಬ ಪಾನೀಯವನ್ನು ಬೆರೆಸುತ್ತಿದ್ದರು. ಜಿನ್ ಬಾಟಲಿ ಇರಬೇಕಾದ ಜಾಗದಲ್ಲಿ ಯಾರೋ ಸ್ಪುಮಾಂತೆಯ, ಅಂದರೆ ನೊರೆಯೇಳುವ ವೈನಿನ, ಬಾಟಲಿಯನ್ನು ಇಟ್ಟುಬಿಟ್ಟಿದ್ದರು. ಅಭ್ಯಾಸಬಲದಿಂದ ಕೈ ಅಲ್ಲಿಗೇ ಹೋಯಿತು. ಜಿನ್ನಿಗೆ ಬದಲಾಗಿ ವೈನು ಲೋಟಕ್ಕೆ ಬಿದ್ದಿತು. ಚೆಲ್ಲಿಬಿಡಬಹುದಾಗಿದ್ದ ಆ ಲೋಟವನ್ನು ಚೆಲ್ಲಲಿಲ್ಲ. ರುಚಿ ಹಿಡಿಸಿತು. ಅದಕ್ಕಿಟ್ಟ ಹೆಸರು ‘ನೆಗ್ರೋನಿ ಸ್ಬಲ್ಯಾತೊ’. ಸ್ಬಲ್ಯಾತೊ ಎಂದರೆ ಇಟಾಲಿಯನ್ ಭಾಷೆಯಲ್ಲಿ ‘ತಪ್ಪಾದದ್ದು’. ಶಾಲೆಯ ಮಗುವಿನ ಲೆಕ್ಕದ ಪುಸ್ತಕದಲ್ಲಿ ಕೆಂಪು ಶಾಯಿಯ ಗೀಟಿಗೆ ಇರುವ ಅರ್ಥವೇ ಆ ಮಾತಿಗೂ ಇದೆ.

ಅಂಗಡಿಯವರು ಹೇಳಿಕೊಂಡು ಬಂದಿರುವ ಕಥೆ ಇದು. ಜಿನ್ನಿನ ಬಾಟಲಿಗೂ ಸ್ಪುಮಾಂತೆಯ ದಪ್ಪ ಗಾಜಿನ ಭಾರವಾದ ಬಾಟಲಿಗೂ ಇರುವ ವ್ಯತ್ಯಾಸ ನುರಿತ ಕೈಗೆ ತಿಳಿಯದೆ ಹೋದೀತೇ ಎಂದು ಶಂಕಿಸುವವರು ಶಂಕಿಸಬಹುದು. ಗಡಿಬಿಡಿಯ ಹೊತ್ತಿನಲ್ಲಿ ಸಕ್ಕರೆಯ ಡಬ್ಬಿಯೆಂದು ಉಪ್ಪಿನ ಡಬ್ಬಿಗೆ ಕೈಹಾಕಿದವರು ಮಾತ್ರ ಶಂಕಿಸಲಾರರು.

ಮುಂದಕ್ಕೆ ಹೋಗುವ ಮುನ್ನ ‘ಬಾರ್’ ಎಂಬ ಪದದ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಈ ಮಾತು ಕಿವಿಗೆ ಬಿದ್ದೊಡನೆ ನಮ್ಮ ಊರುಗಳಲ್ಲಿ ಕಣ್ಣಿಗೆ ಕಟ್ಟುವುದು ಪರದೆ ಇಳಿಬಿಟ್ಟ ಮಂಕುಬೆಳಕಿನ ಕೋಣೆ; ಮಕ್ಕಳ ಕೈಹಿಡಿದು ನಡೆಯುವ ತಾಯಂದಿರು ಅಂಥ ಬಾಗಿಲ ಮುಂದೆ ಹೆಜ್ಜೆಯನ್ನು ಚುರುಕುಗೊಳಿಸುತ್ತಾರೆ. ಇಟಲಿಯಲ್ಲಿ ಅದೇ ಪದಕ್ಕೆ ಬೇರೆಯೇ ಬಾಳುವೆಯಿದೆ. ಅಲ್ಲಿ ‘ಬಾರ್’ ಎಂದರೆ ಮೊದಲಿಗೆ ಕಾಫಿಯ ಅಂಗಡಿ. ಬೆಳಗ್ಗೆ ಕೆಲಸಕ್ಕೆ ಹೊರಟವರು ಕೌಂಟರಿಗೆ ಆತು ನಿಂತು ಸಣ್ಣ ಬಟ್ಟಲಿನ ಕಪ್ಪು ಕಾಫಿಯನ್ನು ಎರಡು ಗುಟುಕಿನಲ್ಲಿ ಮುಗಿಸುತ್ತಾರೆ. ನಿಂತು ಕುಡಿದರೆ ಒಂದು ದರ, ಕುರ್ಚಿಯಲ್ಲಿ ಕುಳಿತರೆ ಹಲವೆಡೆ ಇನ್ನೊಂದು ದರ. ಶಾಲೆ ಬಿಟ್ಟ ಮಕ್ಕಳು ಐಸ್‌ಕ್ರೀಮಿಗೆ ಬರುತ್ತಾರೆ, ಮುದುಕರು ಪತ್ರಿಕೆ ಓದುತ್ತಾರೆ. ಹೋಲಿಕೆ ಬೇಕೆಂದರೆ ಉಡುಪಿ ಹೋಟೆಲನ್ನು ನೆನೆಯುವುದು ಮೇಲು. ವ್ಯತ್ಯಾಸವೆಂದರೆ ಕೌಂಟರಿನ ಹಿಂದಿನ ಕಪಾಟಿನಲ್ಲಿ ಸಾಲಾಗಿ ನಿಂತ ಬಣ್ಣಬಣ್ಣದ ಬಾಟಲಿಗಳು. ಅವುಗಳ ಸರದಿ ಬರುವುದು ಸಂಜೆಗೆ.

ಆ ಸಂಜೆಯ ಹೊತ್ತಿಗೇ ‘ಅಪೆರಿತೀವೊ’ ಎಂದು ಹೆಸರು. ‘ತೆರೆಯುವುದು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಮಾತು, ತೆರೆಯಬೇಕಾದದ್ದು ಹಸಿವು. ಆಯುರ್ವೇದದಲ್ಲಿ ಜಠರಾಗ್ನಿಯನ್ನು ಹೊತ್ತಿಸುವ ಗುಣಕ್ಕೆ ‘ದೀಪನ’ವೆನ್ನುತ್ತಾರಲ್ಲ, ಅದಕ್ಕೆ ಇದು ಬಹಳ ಹತ್ತಿರ. ಇಟಾಲಿಯನರು ರಾತ್ರಿಯ ಊಟಕ್ಕೆ ಕೂರುವುದು ಎಂಟರ ಸುಮಾರಿಗೆ. ಕೆಲಸ ಮುಗಿಯುವುದಕ್ಕೂ ಊಟಕ್ಕೂ ನಡುವೆ ಉಳಿಯುವ ಗಂಟೆಯೊಂದರಲ್ಲಿ, ಕಹಿಯಾದ ಒಂದೇ ಒಂದು ಪಾನೀಯ, ಜೊತೆಗೆ ಉಪ್ಪಿನಲ್ಲಿಟ್ಟ ಆಲಿವ್ ಕಾಯಿ, ಒಂದಿಷ್ಟು ಆಲೂಗಡ್ಡೆಯ ಚಿಪ್ಸು, ಕಡಲೆಬೀಜ, ಮತ್ತು ಪರಿಚಿತರ ಮಾತು. ಬಳಿಕ ಮನೆಗೆ ಹೋಗಿ ಊಟ. ಎರಡನೆಯ ಲೋಟ ಕೇಳುವವರು ಇಲ್ಲವೆಂದಲ್ಲ. ಆದರೆ ಆ ಹೊತ್ತಿನ ಲೆಕ್ಕ ಒಂದರದು. ಹಸಿವನ್ನು ಎಬ್ಬಿಸಲು ಬಂದದ್ದು ಹಸಿವನ್ನು ಕೊಲ್ಲಬಾರದು.

ಕಹಿಯೇ ಏಕೆ ಎಂದು ಕೇಳಿದರೆ ಉತ್ತರ ಔಷಧಿಯ ಅಂಗಡಿಯಲ್ಲಿದೆ. ಇಂದು ಮೋಜಿನ ವಸ್ತುಗಳಾಗಿರುವ ಈ ಪಾನೀಯಗಳ ಹಿರಿಯರು ಕಷಾಯಗಳು. ತೊರಿನೊ ನಗರದಲ್ಲಿ ಅಂತೋನಿಯೊ ಬೆನೆದೆತ್ತೊ ಕಾರ್ಪಾನೊ ಎಂಬಾತ 1786ರಲ್ಲಿ ವೈನಿಗೆ ಗಿಡಮೂಲಿಕೆಗಳ ಸಾರವನ್ನು ಕೂಡಿಸಿ ‘ವೆರ್ಮುತ್’ ಮಾರತೊಡಗಿದ. ಕಹಿಮೂಲಿಕೆಯೊಂದರ ಜರ್ಮನ್ ಹೆಸರೇ ಅದಕ್ಕೆ ಬಂದಿತು. ಆ ಮೂಲಿಕೆ, ದೇವರ ಮುಡಿಗೇರುವ ದವನ ಮತ್ತು ಮಾಚಿಪತ್ರೆಗಳ ಕುಲಕ್ಕೇ ಸೇರಿದ್ದು. ದವನದ ಎಲೆಯನ್ನು ಹಲ್ಲಿನಿಂದ ಕಡಿದು ನೋಡಿದವರಿಗೆ ಆ ಕಹಿಗಂಪು ಹೇಗಿದ್ದೀತೆಂದು ಹೇಳಬೇಕಾಗಿಲ್ಲ. ಇದೇ ಪಿಯೆಮೊಂತೆ ಸೀಮೆಯಲ್ಲಿ ಸಿಂಕೋನಾ ತೊಗಟೆಯನ್ನು ನೆನೆಹಾಕಿದ ‘ಬರೋಲೊ ಕಿನಾತೊ’ ಎಂಬ ವೈನೂ ಇದೆ. ನೀಲಗಿರಿಯ ಓದುಗರಿಗೆ ಸಿಂಕೋನಾ ಅಪರಿಚಿತವಲ್ಲ. ಮಲೇರಿಯಾಕ್ಕೆ ಕ್ವಿನೈನ್ ಬೇಕೆಂದು 1860ರ ದಶಕದಲ್ಲಿ ದೊಡ್ಡಬೆಟ್ಟದಲ್ಲಿಯೂ ನಡುವಟ್ಟಂನಲ್ಲಿಯೂ ಸರ್ಕಾರ ಅದರ ತೋಟಗಳನ್ನೆಬ್ಬಿಸಿತ್ತು. ಒಂದು ಮರ, ಅದರ ತೊಗಟೆ ಒಂದೆಡೆ ಜ್ವರದ ಮದ್ದು, ಇನ್ನೊಂದೆಡೆ ವೈನಿನ ಮಸಾಲೆ.

ಮಿಲಾನಿನ ಕಹಿಗೆ ಕಂಪಾರಿ ಎಂದು ಹೆಸರು. ಗಾಸ್ಪರೆ ಕಂಪಾರಿ 1860ರಲ್ಲಿ ನೊವಾರಾ ಎಂಬ ಊರಿನಲ್ಲಿ ಸಿದ್ಧಪಡಿಸಿದ ಆ ಕೆಂಪು ಪಾನೀಯದ ಪಾಕ ಇಂದಿಗೂ ಗುಟ್ಟು. ಬಣ್ಣದ ಗುಟ್ಟು ಮಾತ್ರ ಬಯಲಾಗಿದೆ: ಪಾಪಾಸುಕಳ್ಳಿಯ ಮೇಲೆ ಬದುಕುವ ಪುಟ್ಟ ಕೀಟವನ್ನು ಒಣಗಿಸಿ ತೆಗೆದ ಕೆಂಪು ಅದು, 2006ರವರೆಗೂ ಬಳಕೆಯಲ್ಲಿತ್ತು. ಗಾಸ್ಪರೆಯ ಮಗ ದಾವಿದೆ 1915ರಲ್ಲಿ ಮಿಲಾನಿನ ಗಾಜಿನ ಮಾಡಿನ ಅಂಗಡಿಸಾಲಿನ ಬಾಯಲ್ಲೇ ‘ಕಂಪಾರೀನೊ’ ಎಂಬ ಬಾರನ್ನು ತೆರೆದ. ನೆಲಮಾಳಿಗೆಯಿಂದ ಕೊಳವೆಯ ಮೂಲಕ ತಣ್ಣಗಿನ ಸೋಡಾ ಎಡೆಬಿಡದೆ ಕೌಂಟರಿಗೆ ಏರಿಬರುವ ಏರ್ಪಾಡು ಅಲ್ಲಿತ್ತು. ಅಂದಿಗೆ ಅದೊಂದು ಸೋಜಿಗ.

ಇಲ್ಲಿಂದ ಮುಂದಿನದು ಒಂದು ವಂಶಾವಳಿ. ಮಿಲಾನಿನ ಕಂಪಾರಿಯನ್ನೂ ತೊರಿನೊದ ವೆರ್ಮುತ್ತನ್ನೂ ಸಮಸಮ ಬೆರೆಸಿದರೆ ಎರಡೂ ಊರುಗಳ ಹೆಸರು ಹೊತ್ತ ‘ಮಿಲಾನೊ-ತೊರಿನೊ’. ಅದಕ್ಕೆ ಸೋಡಾ ಹೊಯ್ದರೆ ‘ಅಮೆರಿಕಾನೊ’. 1919ರಲ್ಲಿ ಫ್ಲಾರೆನ್ಸಿನ ಕಾಸೋನಿ ಕೆಫೆಯಲ್ಲಿ ಕಮಿಲ್ಲೊ ನೆಗ್ರೋನಿ ಎಂಬ ಕೌಂಟ್ ಪದವಿಯ ಶ್ರೀಮಂತ, ಸೋಡಾ ಬೇಡ, ಜಿನ್ ಹಾಕು ಎಂದನಂತೆ. ಕೌಂಟರಿನಲ್ಲಿದ್ದ ಫೊಸ್ಕೊ ಸ್ಕಾರ್ಸೆಲ್ಲಿ ಹಾಗೆಯೇ ಮಾಡಿದನಂತೆ. ಕಹಿ, ಸಿಹಿ, ಖಾರ ಮೂರೂ ಸಮಪಾಲಾದ ಆ ಕೆಂಪು ಪಾನೀಯ ನೆಗ್ರೋನಿಯಾಯಿತು. ರುಚಿಯ ಮಾತು ಹಾಗಿರಲಿ, ಆ ಒಂದು ಬದಲಾವಣೆಯಿಂದ ಸಂಜೆಯ ಹಗುರವಾದ ಪಾನೀಯ ಭಾರವಾಯಿತು. ಸೋಡಾದಲ್ಲಿ ಆಲ್ಕೊಹಾಲ್ ಸೊನ್ನೆ. ಜಿನ್ನಿನಲ್ಲಿ ಸುಮಾರು ಶೇ. 40.

1972ರ ‘ತಪ್ಪು’ ಏನು ಮಾಡಿತೆಂಬುದು ಈಗ ಸ್ಪಷ್ಟವಾಗುತ್ತದೆ. ಜಿನ್ನಿನ ಜಾಗಕ್ಕೆ ಬಂದ ಸ್ಪುಮಾಂತೆಯಲ್ಲಿ ಆಲ್ಕೊಹಾಲ್ ಶೇ. 12ರ ಆಸುಪಾಸು. ಅದು ತರುವ ನೊರೆ ಅಮೆರಿಕಾನೊದ ಸೋಡಾವನ್ನು ನೆನಪಿಸುವಂಥದು. ಕೌಂಟ್ ಮಹಾಶಯ ಮುಂದಕ್ಕಿಟ್ಟ ಹೆಜ್ಜೆಯನ್ನು ಮಿಲಾನಿನ ಮರೆವು ಅರ್ಧದಷ್ಟು ಹಿಂದಕ್ಕೆ ಎಳೆಯಿತು. ಹಸಿವೆಬ್ಬಿಸುವ ಪಾನೀಯ ಹೇಗಿರಬೇಕೋ ಆ ಕಡೆಗೆ ನೆಗ್ರೋನಿಯ ದಾರಿ ಮತ್ತೆ ತಿರುಗಿತು ಎಂದರೂ ನಡೆದೀತು. ತಪ್ಪೆಂಬ ಹೆಸರು ಹೊತ್ತ ಪಾನೀಯವೇ ಪರಂಪರೆಗೆ ಹೆಚ್ಚು ನಿಷ್ಠವಾದದ್ದು ಈ ಕಥೆಯಲ್ಲಿ ನಗಿಸುವ ಸಂಗತಿ.

ಮಿರ್ಕೊ ಸ್ತೊಕ್ಕೆತ್ತೊ ಮಿಲಾನಿನವರಲ್ಲ, ವೆನಿಸ್ಸಿನವರು. ವೆನಿಸ್ಸಿನಲ್ಲಿ ಈ ಹೊತ್ತಿಗೆ ಬೇರೆಯದೇ ಸಂಪ್ರದಾಯ. ಅಲ್ಲಿ ಸಣ್ಣ ಲೋಟದ ವೈನಿಗೆ ‘ಓಂಬ್ರಾ’, ಎಂದರೆ ‘ನೆರಳು’, ಎನ್ನುತ್ತಾರೆ. ಸಂತ ಮಾರ್ಕನ ಚೌಕದ ಗಂಟೆಗೋಪುರದ ನೆರಳು ಸರಿದಂತೆ ವೈನು ಮಾರುವವರೂ ತಮ್ಮ ಬಂಡಿಯನ್ನು ಸರಿಸುತ್ತಿದ್ದುದರಿಂದ ಆ ಹೆಸರು ಬಂದಿತೆಂಬ ಐತಿಹ್ಯವಿದೆ. ಆ ಸೀಮೆ 1866ರವರೆಗೆ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಅಲ್ಲಿಯ ವೈನು ಗಟ್ಟಿಯೆನಿಸಿ ನೀರು ಚಿಮುಕಿಸಿಕೊಂಡ ಆಸ್ಟ್ರಿಯನ್ನರಿಂದ ‘ಸ್ಪ್ರಿತ್ಸ್’ ಎಂಬ ಪಾನೀಯ ಉಳಿಯಿತು. ಇಂದು ಲೋಕದ ತುಂಬ ಕಾಣುವ ಕಿತ್ತಳೆ ಬಣ್ಣದ ಲೋಟ, 1919ರಲ್ಲಿ ಪಾದೊವಾದಲ್ಲಿ ಹುಟ್ಟಿದ ಅಪೆರೋಲ್ ಸೇರಿದ ಅದರ ರೂಪ. ಹೀಗೆ ಒಂದೇ ಹೊತ್ತಿಗೆ ಊರೂರಿಗೂ ಬೇರೆ ಬೇರೆ ಬಣ್ಣ.

ಮಿರ್ಕೊ ಕಸುಬು ಕಲಿತದ್ದು ವೆನಿಸ್ಸಿನ ಮತ್ತು ಆಲ್ಪ್ಸ್ ಬೆಟ್ಟದ ಕೊರ್ತಿನಾದ ಸಿರಿವಂತರ ಹೋಟೆಲುಗಳಲ್ಲಿ. ಕಾಕ್‌ಟೇಲ್, ಅಂದರೆ ಹಲವು ಪಾನೀಯಗಳನ್ನು ಅಳತೆಯಿಂದ ಬೆರೆಸುವ ವಿದ್ಯೆ, ಅಂದಿನ ಇಟಲಿಯಲ್ಲಿ ಬಹುಮಟ್ಟಿಗೆ ದೊಡ್ಡ ಹೋಟೆಲುಗಳ ಸ್ವತ್ತು. ಬಿಳಿ ಕೋಟು, ವಿದೇಶೀ ಅತಿಥಿಗಳು, ಮೆಲುದನಿ. ಜುಸೆಪ್ಪೆ ಬಾಸ್ಸೊ 1947ರಲ್ಲಿ ತೆರೆದಿದ್ದ ಬಾರನ್ನು 1967ರಲ್ಲಿ ಕೊಂಡಾಗ ಮಿರ್ಕೊ ಮಾಡಿದ್ದು ಆ ವಿದ್ಯೆಯನ್ನು ಬೀದಿಬದಿಯ ಅಂಗಡಿಗೆ ಇಳಿಸಿದ್ದು. ಹೋಟೆಲಿನ ಹೊಸ್ತಿಲು ತುಳಿಯಲು ಅಂಜುತ್ತಿದ್ದ ಗುಮಾಸ್ತನೂ ಅಂಗಡಿಕಾರನೂ ಈಗ ತಮ್ಮ ಬೀದಿಯಲ್ಲೇ ನೆಗ್ರೋನಿ ಕೇಳಬಹುದಾಯಿತು. ಮದ್ಯವನ್ನು ಸಾರ್ವತ್ರಿಕಗೊಳಿಸಿದ್ದು ಯಾವ ದೊಡ್ಡ ಸಮಾಜಸೇವೆ ಎಂದು ಮೂಗುಮುರಿಯುವವರಿಗೆ ಹೇಳಬೇಕಾದದ್ದು ಇಷ್ಟೇ: ಅಲ್ಲಿ ವೈನು ಆಗಲೇ ಎಲ್ಲರ ಮನೆಯ ಮೇಜಿನ ಮೇಲಿತ್ತು. ಹೊಸದಾಗಿ ಬೀದಿಗೆ ಬಂದದ್ದು ಹೋಟೆಲಿನ ಉಪಚಾರ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕೊಂಡವರು ಹೆಸರನ್ನು ಬದಲಿಸಲಿಲ್ಲ. ಅರ್ಧ ಶತಮಾನಕ್ಕೂ ಮಿಕ್ಕಿ ಸ್ತೊಕ್ಕೆತ್ತೊ ಮನೆತನದ ಕೈಯಲ್ಲಿರುವ ಬಾರಿನ ಮೇಲೆ ಇಂದಿಗೂ ಬೆಳಗುವುದು ಬಾಸ್ಸೊ ಎಂಬ ಹೆಸರು. ಅಂಗಡಿ ಕೈಬದಲಾಯಿಸಿದ ವಾರದಲ್ಲೇ ಹೊಸ ಫಲಕ ಏರುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಹೊರಗಿನಿಂದ ಬಂದವನು ಬಡಾವಣೆಯ ಬಾಯಲ್ಲಿ ರೂಢಿಯಾಗಿದ್ದ ಮಾತನ್ನು ಹಾಗೆಯೇ ಉಳಿಸಿಕೊಂಡ.

ಮಿರ್ಕೊ ತಂದ ಮತ್ತೊಂದು ಹೊಸತು ‘ಬಿಕ್ಕಿಯೆರೋನೆ’, ಎಂದರೆ ‘ದೊಡ್ಡ ಲೋಟ’. ಎರಡು ಕೈಗಳಿಂದ ಹಿಡಿಯಬೇಕೆನಿಸುವಷ್ಟು ಅಗಲದ, ಕಾಲುಳ್ಳ ಗಾಜಿನ ಪಾತ್ರೆ. ಅದರೊಳಗೆ ದೊಡ್ಡದೊಂದು ಮಂಜುಗಡ್ಡೆ. ದೊಡ್ಡ ಗಡ್ಡೆ ನಿಧಾನವಾಗಿ ಕರಗುತ್ತದೆ, ಪಾನೀಯ ಬೇಗ ನೀರಾಗುವುದಿಲ್ಲ. ಒಂದೇ ಲೋಟವನ್ನು ಹಿಡಿದು ಬಹಳ ಹೊತ್ತು ಮಾತನಾಡುತ್ತ ಕೂರಬಹುದು. ನೋಟಕ್ಕೆ ಆಡಂಬರ, ಕೆಲಸದಲ್ಲಿ ಸಾವಧಾನ.

1980ರ ದಶಕದಲ್ಲಿ ಮಿಲಾನಿಗೆ ಹಣ ಹರಿದುಬಂದಿತು. ಉಡುಪು, ಜಾಹೀರಾತು, ದೂರದರ್ಶನ ಇವೇ ಹೊಸ ದೇವತೆಗಳು. ‘ಅಮಾರೊ ರಮಾತ್ಸೊತ್ತಿ’ ಎಂಬ ಕಹಿ ಪಾನೀಯದ ಜಾಹೀರಾತೊಂದು ನಗರವನ್ನು ‘ಕುಡಿಯಬೇಕಾದ ಮಿಲಾನ್’ ಎಂದು ಕೊಂಡಾಡಿತು. ಆ ನುಡಿಗಟ್ಟು ಒಂದು ಕಾಲಕ್ಕೇ ಹೆಸರಾಗಿ ನಿಂತಿತು. 1992ರಲ್ಲಿ ಲಂಚದ ಹಗರಣಗಳ ತನಿಖೆ ಆರಂಭವಾದ ಮೇಲೆ ಅದೇ ಮಾತು ಬೈಗುಳದಂತೆ ಕೇಳತೊಡಗಿತು. ಅನಂತರದ ವರ್ಷಗಳಲ್ಲಿ ಅಪೆರಿತೀವೊವಿಗೂ ಒಂದು ವಿಕಾರ ತಗುಲಿತು. ಗಿರಾಕಿಗಳನ್ನು ಸೆಳೆಯಲು ಬಾರುಗಳು ಒಂದು ಪಾನೀಯದ ಬೆಲೆಗೆ ಮೇಜಿನ ತುಂಬ ತಿಂಡಿಯನ್ನು ಹರಡಿದವು. ಅನ್ನ, ಪಾಸ್ತಾ, ಮಾಂಸದ ತುಣುಕು, ಬೇಕಾದಷ್ಟು ಬಡಿಸಿಕೊಳ್ಳಬಹುದು. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳಿಗೆ ಅದು ವರವೇ. ‘ಚೇನಾ’ ಎಂದರೆ ರಾತ್ರಿಯೂಟ. ಎರಡನ್ನೂ ಬೆಸೆದು ‘ಅಪೆರಿಚೇನಾ’ ಎಂಬ ಹೊಸ ಪದ ಹುಟ್ಟಿತು. ಊಟಕ್ಕೆ ಮುನ್ನುಡಿಯಾಗಿದ್ದದ್ದು ಊಟವನ್ನೇ ನುಂಗಿಹಾಕಿತು. ಮನೆಯ ಮೇಜಿನಲ್ಲಿ ಕಾಯುತ್ತಿದ್ದವರ ಪಾಲಿಗೆ ಆ ಸಮಾಸಪದದಲ್ಲಿ ಲೋಪಸಂಧಿಯೂ ಸೇರಿತ್ತೆನ್ನಬೇಕು.

ಬಾರ್ ಬಾಸ್ಸೊವಿಗೆ ಎದುರಾದ ಪರೀಕ್ಷೆ ಬೇರೆ ಬಗೆಯದು. ಮಿಲಾನಿನಲ್ಲಿ 1961ರಿಂದ ನಡೆಯುತ್ತಿರುವ ಪೀಠೋಪಕರಣಗಳ ಮಹಾಪ್ರದರ್ಶನಕ್ಕೆ ವರ್ಷವರ್ಷವೂ ಲೋಕದ ವಿನ್ಯಾಸಕಾರರು ಬಂದು ಸೇರುತ್ತಾರೆ. 1980ರ ದಶಕದ ಕೊನೆಯ ಹೊತ್ತಿಗೆ ಮಿಲಾನಿನಲ್ಲಿ ನೆಲಸಿದ್ದ ಬ್ರಿಟಿಷ್ ವಿನ್ಯಾಸಕಾರ ಜೇಮ್ಸ್ ಅರ್ವಿನ್, ಅವರ ಗೆಳೆಯ ಜಾಸ್ಪರ್ ಮಾರಿಸನ್ ಮೊದಲಾದ ತರುಣರು ಈ ಬಾರನ್ನು ತಮ್ಮ ಬೀಡಾಗಿಸಿಕೊಂಡರು. ಇವರು ಬಂದರೆಂದು ಅವರು, ಅವರು ಬಂದರೆಂದು ಉಳಿದವರು. ಈಗ ಪ್ರದರ್ಶನದ ವಾರದ ರಾತ್ರಿಗಳಲ್ಲಿ ಜನ ಬಾರಿನೊಳಗೆ ಹಿಡಿಸದೆ ಬೀದಿಯ ತುಂಬ ನಿಲ್ಲುತ್ತಾರೆ. ಮೇಲಿನ ಅಂತಸ್ತುಗಳಲ್ಲಿ ಮಲಗಬೇಕಾದ ಮನೆಗಳಿವೆ ಎಂಬುದನ್ನು ಮರೆಯಲಾಗದು. ರಾತ್ರಿಯ ಗದ್ದಲದ ಬಗ್ಗೆ ಮಿಲಾನಿನ ಹಲವು ಬಡಾವಣೆಗಳ ನಿವಾಸಿಗಳು ದೂರುತ್ತಲೇ ಬಂದಿದ್ದಾರೆ. ಅವರ ದೂರಿನಲ್ಲಿ ನ್ಯಾಯವಿದೆ. ಬೀದಿಯವರಿಗಾಗಿ ಇದ್ದ ಅಂಗಡಿ ಲೋಕದವರದಾದಾಗ ಬೀದಿಗೆ ಉಳಿಯುವುದೇನು ಎಂಬ ಪ್ರಶ್ನೆ, ಪ್ರವಾಸಿಗರ ಕಣ್ಣಿಗೆ ಬಿದ್ದ ಎಲ್ಲ ಊರುಗಳ ಪ್ರಶ್ನೆ.

ಮಿರ್ಕೊ 2016ರಲ್ಲಿ ತೀರಿಕೊಂಡರು. ಮಗ ಮೌರಿತ್ಸಿಯೊ ಆ ಮೊದಲೇ ಹೊಣೆ ಹೊತ್ತಿದ್ದರು. 2022ರ ಅಕ್ಟೋಬರಿನಲ್ಲಿ ಮತ್ತೊಂದು ಅಲೆ ಬಂದಿತು. ಅಮೆರಿಕದ ದೂರದರ್ಶನ ಧಾರಾವಾಹಿಯೊಂದರ ಕಲಾವಿದರಾದ ಎಮ್ಮಾ ಡಾರ್ಸಿ, ಮೆಚ್ಚಿನ ಪಾನೀಯ ಯಾವುದೆಂಬ ಪ್ರಶ್ನೆಗೆ ನೆಗ್ರೋನಿ ಸ್ಬಲ್ಯಾತೊ ಎಂದು ಹೇಳಿ, ಪ್ರೊಸೆಕ್ಕೊ ಹಾಕಿದ್ದು ಎಂದು ಸೇರಿಸಿದರು. ಕೆಲವು ಸೆಕೆಂಡುಗಳ ಆ ತುಣುಕನ್ನು ಮೊಬೈಲುಗಳಲ್ಲಿ ಕೋಟ್ಯಂತರ ಜನ ನೋಡಿದರು. ಇಟಲಿಯ ಹೊರಗೆ ಹೆಚ್ಚಿನವರು ಕೇಳಿಯೇ ಇರದ ಪಾನೀಯವನ್ನು ಊರೂರ ಬಾರುಗಳಲ್ಲಿ ಕೇಳತೊಡಗಿದರು. ಪ್ರೊಸೆಕ್ಕೊ ಎಂಬುದೂ ನೊರೆಯ ವೈನೇ. ಸ್ಬಲ್ಯಾತೊ ಎಂದ ಮೇಲೆ ಅದನ್ನು ಬೇರೆಯಾಗಿ ಹೇಳುವುದು ಮಜ್ಜಿಗೆ ಹಾಕಿದ ಮಜ್ಜಿಗೆಹುಳಿ ಎಂದಂತೆ. ಆದರೂ ಕೀರ್ತಿ ಬಂದದ್ದು ಆ ಹೆಚ್ಚುವರಿ ಮಾತಿನಿಂದಲೇ.

ಇಷ್ಟೆಲ್ಲ ಹೇಳಿದ ಮೇಲೆ, ಮಕ್ಕಳಿರುವ ಮನೆಗಳಲ್ಲಿ ಏಳುವ ಪ್ರಶ್ನೆಯನ್ನು ಬದಿಗೆ ಸರಿಸಲಾಗದು. ಆಲ್ಕೊಹಾಲಿಗೆ ಆರೋಗ್ಯದ ದೃಷ್ಟಿಯಿಂದ ಸುರಕ್ಷಿತವಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಶಾಖೆ 2023ರ ಜನವರಿಯಲ್ಲಿ ಸಾರಿತು. ಶತಮಾನಗಳಿಂದ ವೈನನ್ನು ಅನ್ನದ ಭಾಗವೆಂದೇ ಬಗೆದ ಇಟಲಿಗೆ ಅದು ಕಹಿಗಿಂತ ಕಹಿಯಾದ ಮಾತು. ಕಸುಬಿನವರು ಹೇಗೆ ವಾದಿಸಿದರೂ, ವೈದ್ಯರ ಮಾತನ್ನು ಸಂಪ್ರದಾಯದ ಹೆಸರಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ಹದಿನೆಂಟು ತುಂಬದವರಿಗೆ ಮದ್ಯ ಮಾರುವುದನ್ನು ಅಲ್ಲಿಯ ಕಾನೂನೂ ನಿಷೇಧಿಸುತ್ತದೆ.

ಆದರೆ ಇಟಲಿಯ ಬಾರಿನಲ್ಲಿ ಇದಕ್ಕೊಂದು ಪರಿಹಾರ 1960ರ ದಶಕದಿಂದಲೇ ಕಪಾಟಿನಲ್ಲಿದೆ. ‘ಕ್ರೊದೀನೊ’ ಎಂಬ ಕಿತ್ತಳೆ ಬಣ್ಣದ ಪಾನೀಯ, ‘ಸಾನ್‌ಬಿತ್ತೆರ್’ ಎಂಬ ಕೆಂಪು ಪಾನೀಯ. ಪುಟ್ಟ ಬಾಟಲಿ, ಮೂಲಿಕೆಗಳ ಕಹಿಸಿಹಿ, ಆಲ್ಕೊಹಾಲ್ ಇಲ್ಲ. ಅದನ್ನು ಕೇಳಿದವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಆಲಿವ್ ಕಾಯಿಯ ತಟ್ಟೆ ಅವರ ಮುಂದೆಯೂ ಬರುತ್ತದೆ. ಒಂದೇ ಮೇಜಿನಲ್ಲಿ ಅಜ್ಜನ ಕೈಯಲ್ಲಿ ವೆರ್ಮುತ್, ಸೊಸೆಯ ಕೈಯಲ್ಲಿ ಕ್ರೊದೀನೊ, ಮೊಮ್ಮಗುವಿನ ಕೈಯಲ್ಲಿ ಹಣ್ಣಿನ ರಸ ಇರುವುದು ಅಲ್ಲಿ ಸಾಮಾನ್ಯ ನೋಟ. ಲೋಟದೊಳಗೆ ಏನಿದೆಯೆಂಬುದಕ್ಕಿಂತ ಆ ಗಂಟೆಯಲ್ಲಿ ಯಾರ ಜೊತೆ ಕುಳಿತಿದ್ದೇವೆಂಬುದು ಮುಖ್ಯವಾಗಬಲ್ಲದೆಂಬುದಕ್ಕೆ ಆ ಪುಟ್ಟ ಬಾಟಲಿಗಳಿಗಿಂತ ಬಲವಾದ ಸಾಕ್ಷಿ ಬೇಡ.

ಪ್ರದರ್ಶನದ ವಾರ ಮುಗಿದು ವಿನ್ಯಾಸಕಾರರು ತಮ್ಮ ತಮ್ಮ ದೇಶಗಳಿಗೆ ಹೊರಟುಹೋಗುತ್ತಾರೆ. ಪ್ಲಿನಿಯೊ ಬೀದಿಯಲ್ಲಿ ಮತ್ತೆ ವಾಹನಗಳು ಓಡಾಡುತ್ತವೆ. ಬೆಳಗ್ಗೆ ಬಾಗಿಲು ತೆರೆದಾಗ ಮೊದಲಿಗೆ ಬಿಸಿಯಾಗುವುದು ಕಾಫಿಯ ಯಂತ್ರ. ಕೌಂಟರಿನ ಮೇಲೆ ಸಣ್ಣ ಬಟ್ಟಲುಗಳು ಬಂದು ಕೂರುತ್ತವೆ. ಕಂಪಾರಿಯ ಕೆಂಪು ಬಾಟಲಿ ಸಂಜೆಯವರೆಗೆ ಕಪಾಟಿನಲ್ಲಿ ಕಾದಿರುತ್ತದೆ.